ಸಂತೆಯ ಮೂಲೆಯ ಕಿಟಕಿಯಿಲ್ಲದ ಕಟ್ಟಡ

ನಮ್ಮ ಭಾಗದಲ್ಲಿ ಒಂದು ಹಳೆಯ ಕಟ್ಟಡಕ್ಕೆ ಬೀಗ ಬಿದ್ದು ಒಂದು ತಲೆಮಾರು ಕಳೆದರೆ ಸಾಕು, ಅದು ಸುಲ್ತಾನರದಾಗುತ್ತದೆ, ಇಲ್ಲವೇ ಶರಣರದಾಗುತ್ತದೆ. ಪುರಸಭೆಯದು ಎಂದು ಮಾತ್ರ ಯಾರೂ ಒಪ್ಪುವುದಿಲ್ಲ. ನಮ್ಮೂರಲ್ಲಿ ಕತ್ತಿ ಹಿಡಿದವರಿದ್ದರು, ತಪಸ್ಸಿಗೆ ಕೂತವರಿದ್ದರು ಎಂದು ಹೇಳಿಕೊಳ್ಳಲು ಎಲ್ಲರಿಗೂ ಹೆಮ್ಮೆ. ಕಂದೀಲಿಗೆ ಎಣ್ಣೆ ಹಾಕಿದವರೂ ಗಟಾರ ಬಳಿದವರೂ ಇದ್ದರು ಎಂದರೆ ಮುಖ ಹುಳ್ಳಗೆ ಮಾಡಿಕೊಳ್ಳುತ್ತಾರೆ.

ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರುಗಳ ಪಾಳುಬಿದ್ದ ಪುರಸಭೆ ಕಟ್ಟಡಗಳನ್ನು ಒಂದು ಬೇಸಿಗೆಯಿಡೀ ಟೇಪು ಹಿಡಿದು ಅಳೆದವಳು ನಾನು. ನೌಕರಿಯಲ್ಲಿದ್ದಾಗ ನಾನು ಟ್ರೇಸರ್. ಎಂದರೆ ಎಂಜಿನಿಯರ್ ಸಾಹೇಬರು ಗೀಚಿದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ ಅದನ್ನು ಅಚ್ಚುಕಟ್ಟಾಗಿ ಮಸಿಯಲ್ಲಿ ತಿದ್ದಿ ತೆಗೆಯುವವಳು. ಸಾಹೇಬರ ತಪ್ಪನ್ನು ಸುಮ್ಮನೆ ಸರಿಮಾಡಿ, ಸರಿಮಾಡಿದ್ದನ್ನು ಅವರಿಗೆ ಗೊತ್ತಾಗದಂತೆ ನೋಡಿಕೊಳ್ಳುವುದೂ ಈ ಕೆಲಸದಲ್ಲಿ ಸೇರಿತ್ತು. ನಿವೃತ್ತಿಯಾದ ಮೇಲೆ ಆ ಎರಡನೆಯ ಅಭ್ಯಾಸವನ್ನು ಬಿಟ್ಟಿದ್ದೇನೆ.

ನಾಲ್ಕೂ ಊರುಗಳ ಕೆಲವು ಗಣ್ಯರು ಸೇರಿ ಪರಂಪರೆ ಉಳಿಸುವ ಒಂದು ಸಮಿತಿ ಮಾಡಿಕೊಂಡಿದ್ದರು. ನಮ್ಮ ಕಡೆ ಗಣ್ಯರೆಂದರೆ ಮುಂಜಾನೆ ವಾಕಿಂಗು ಹೋಗಿ ಸಂಜೆ ಶಾಲು ಹೊದಿಸಿಕೊಳ್ಳುವವರು. ಅಧ್ಯಕ್ಷರು ನಿವೃತ್ತ ಇತಿಹಾಸ ಪ್ರಾಧ್ಯಾಪಕರು. ಬೀಗ ಬಿದ್ದ ಕಟ್ಟಡಗಳು ಮೊದಲು ಏನಾಗಿದ್ದವೆಂದು ಪತ್ತೆ ಹಚ್ಚಿ ಪಟ್ಟಿ ಮಾಡುವುದು ಅವರ ಸಂಕಲ್ಪ. ಬಿಸಿಲಲ್ಲಿ ಟೇಪಿನ ಇನ್ನೊಂದು ತುದಿ ಹಿಡಿಯಲು, ನಕ್ಷೆ ಬರೆಯಲು, ಸಭೆಯಲ್ಲಿ ಬಾಯಿ ಮುಚ್ಚಿಕೊಂಡಿರಲು ಒಬ್ಬರು ಬೇಕಾಗಿತ್ತು. ಮೊದಲೆರಡು ಕೆಲಸಕ್ಕೆ ನಾನು ಸರಿಯಾಗಿಯೇ ಒದಗಿದೆ.

ಇಂಡಿಯಲ್ಲಿ ಮೊದಲ ಕಟ್ಟಡ. ಹಳೆಯ ರಸ್ತೆಯ ಬಾಯಿಗೆ ಒಂದೇ ಕೋಣೆಯ ಕಲ್ಲಿನ ಮನೆ, ರಸ್ತೆಯ ಕಡೆಗೆ ಒಂದು ಕಿಂಡಿ, ಕಿಂಡಿಯ ಕೆಳಗೆ ಮೊಣಕೈ ಊರಿ ಊರಿ ಸವೆದ ಹಾಸುಗಲ್ಲು. ಅಧ್ಯಕ್ಷರು ಕಿಂಡಿಯಲ್ಲಿ ಕಣ್ಣಿಟ್ಟು ನೋಡಿ, ಇದು ಕಾವಲು ಠಾಣೆ, ಬಂದೂಕಿನ ಕಿಂಡಿ ಎಂದರು. ಆ ಎತ್ತರದಲ್ಲಿ ಬಂದೂಕು ಇಟ್ಟಿದ್ದರೆ ಶತ್ರುವಿನ ಎತ್ತು ಸಾಯುತ್ತಿತ್ತೇ ಹೊರತು ಶತ್ರುವಲ್ಲ. ಅದು ಜಕಾತಿ ನಾಕಾ. ಊರೊಳಗೆ ಬರುವ ಬಂಡಿಗಳನ್ನು ನಿಲ್ಲಿಸಿ ಪುರಸಭೆಯವರು ಸುಂಕ ವಸೂಲಿ ಮಾಡುತ್ತಿದ್ದ ಜಾಗ. ನಮ್ಮ ಅಪ್ಪ ಜೋಳದ ಬಂಡಿಯ ಮೇಲೆ ಕೂತು ಅಂಥ ಕಿಂಡಿಗಳ ಮುಂದೆ ಬೈದದ್ದನ್ನು ನಾನೇ ಕೇಳಿದ್ದೇನೆ. ಹೇಳಿದೆ. ಅಧ್ಯಕ್ಷರು, ಆಮೇಲೆ ಜಕಾತಿಗೆ ಬಳಸಿರಬಹುದು ಎಂದರು.

ಸಿಂದಗಿಯಲ್ಲಿ ಗೋಡೆಯ ತುಂಬ ಕಬ್ಬಿಣದ ಕೊಕ್ಕೆಗಳಿದ್ದ ಕೋಣೆ. ನೆಲ ಎಣ್ಣೆ ಕುಡಿದು ಕರ್ರಗಾಗಿತ್ತು, ಉಗುರಿನಿಂದ ಕೆರೆದರೆ ಇನ್ನೂ ಚಿಮಣಿ ಎಣ್ಣೆಯ ವಾಸನೆ. ಬೀದಿ ಕಂದೀಲುಗಳ ಕೋಣೆ ಅದು. ಸಂಜೆಯಾದರೆ ಹೆಗಲ ಮೇಲೆ ನಿಚ್ಚಣಿಕೆ ಹೊತ್ತು ದೀಪ ಹಚ್ಚುತ್ತ ಬರುತ್ತಿದ್ದವನ ಕಥೆಯನ್ನು ನಮ್ಮ ತಾಯಿ ಎಷ್ಟೋ ಸಲ ಹೇಳಿದ್ದಳು. ಅಧ್ಯಕ್ಷರಿಗೆ ಮಾತ್ರ ಅಲ್ಲಿ ಆಯುಧಶಾಲೆ ಕಂಡಿತು, ಕೊಕ್ಕೆಗಳಿಗೆ ಕತ್ತಿಗಳನ್ನು ತೂಗುಹಾಕುತ್ತಿದ್ದರಂತೆ. ಮುದ್ದೇಬಿಹಾಳದಲ್ಲಿ ನೀರೆತ್ತುವ ಎಂಜಿನ್ನನ್ನು ಕೂರಿಸಿದ್ದ ಕಟ್ಟೆ ಆನೆ ಕಟ್ಟುವ ಕಲ್ಲಾಯಿತು. ಅದರಿಂದ ಎದ್ದು ನಿಂತ ಬೋಲ್ಟುಗಳನ್ನು ನಾನು ಬೆರಳು ಮಾಡಿ ತೋರಿಸಿದೆ. ಯಾರೂ ಆ ಕಡೆ ತಿರುಗಲಿಲ್ಲ.

ಬಸವನ ಬಾಗೇವಾಡಿಗೆ ಹೋಗುವಾಗ ಮನಗೂಳಿಯಲ್ಲಿ ಚಾ ಕುಡಿದೆವು. ಅಲ್ಲಿಂದಲೇ ಅಧ್ಯಕ್ಷರ ದನಿ ಮೆತ್ತಗಾಗತೊಡಗಿತು. ಬಾಗೇವಾಡಿಯ ಹಳೆಯ ಬಾವಿಯ ಹತ್ತಿರದ ಸಣ್ಣ ಕತ್ತಲ ಕೋಣೆಯಲ್ಲಿ ಅವರು ಚಪ್ಪಲಿ ಬಿಟ್ಟರು. ಇದು ಯಾರೋ ಸಾಧಕರು ಕೂತ ಗವಿ ಎಂದು ಹೇಳಿ, ನೆಲದ ಮೂಲೆಯಲ್ಲಿ ಬಿದ್ದಿದ್ದ ಬಿಳಿ ಪುಡಿಯನ್ನು ಮೂರು ಬೆರಳಲ್ಲಿ ಎತ್ತಿ ಹಣೆಗೆ ಹಚ್ಚಿಕೊಂಡರು. ಬಾವಿಯ ನೀರಿಗೆ ಹಾಕುವ ಬ್ಲೀಚಿಂಗ್ ಪುಡಿಯ ದಾಸ್ತಾನು ಕೋಣೆ ಅದು. ಆ ಪುಡಿ ತಿಂದು ಬಾಗಿಲಿನ ಮೊಳೆಗಳೆಲ್ಲ ಸವೆದುಹೋಗಿದ್ದವು. ನಾನು ಬೇಡವೆನ್ನುವಷ್ಟರಲ್ಲಿ ಅವರು ಕಣ್ಣು ಮುಚ್ಚಿಯಾಗಿತ್ತು. ಮಾರನೆಯ ದಿನ ಹಣೆಯ ಮೇಲೆ ಮೂರು ಕೆಂಪು ಪಟ್ಟೆಗಳಿದ್ದವು. ಸಮಿತಿಯ ಒಬ್ಬರು ಅದನ್ನೂ ಮಹಿಮೆ ಎಂದರು. ಅಗರಖೇಡದ ಕಡೆಯ ಇನ್ನೊಬ್ಬರು ಮಾತ್ರ ಏನೂ ಅನ್ನಲಿಲ್ಲ. ಅವರು ಇಡೀ ಬೇಸಿಗೆಯನ್ನು ಜೀಪಿನಲ್ಲಿ ನಿದ್ದೆ ಮಾಡಿ ಕಳೆದವರು, ಸಮಿತಿಯಲ್ಲಿ ನನಗೆ ಸ್ವಲ್ಪವಾದರೂ ಗೌರವವಿದ್ದದ್ದು ಅವರ ಮೇಲೆಯೇ.

ಇಷ್ಟೆಲ್ಲ ಸಹಿಸಿಕೊಂಡು ನಾನು ಅವರ ಜೊತೆ ಯಾಕೆ ತಿರುಗಿದೆ ಎಂದರೆ ನನಗೆ ಬೇಕಾಗಿದ್ದದ್ದು ಒಂದೇ ಕಟ್ಟಡ. ಈ ನಾಲ್ಕು ಊರುಗಳಲ್ಲೇ ಒಂದರ ಸಂತೆಯ ಮೂಲೆಯಲ್ಲಿ ಅದಿದೆ. ಯಾವ ಊರು ಎಂದು ಹೇಳುವುದಿಲ್ಲ. ಹೇಳಿದರೆ ಉಳಿದ ಮೂರು ಊರಿನವರು ನಗುತ್ತಾರೆ. ನಗುವ ಯೋಗ್ಯತೆ ಅವರಿಗೂ ಇಲ್ಲ.

ಆ ಕಟ್ಟಡದ ಮುಂದೆ, ಬೇವಿನ ಮರದ ನೆರಳಲ್ಲಿ, ನನ್ನ ತಂಗಿ ಬುಟ್ಟಿ ಇಟ್ಟುಕೊಂಡು ಕೂಡುತ್ತಿದ್ದಳು. ಕಟಕ ರೊಟ್ಟಿ, ಅದಕ್ಕೆ ನಂಜಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಗಂಡ ತೀರಿಕೊಂಡ ಮೇಲೆ ಮೈದುನರ ಮನೆಯ ಕಸ ಹೊಡೆಯುತ್ತ ಇರಲು ಒಪ್ಪದೆ, ನನ್ನ ಹತ್ತಿರವೂ ಕೈ ಚಾಚದೆ, ಆ ಜಾಗದಲ್ಲಿ ಕೂತೇ ಬಾಳು ಕಟ್ಟಿಕೊಂಡವಳು. ಅವಳ ರೊಟ್ಟಿಗಾಗಿ ತಾಲ್ಲೂಕು ಕಚೇರಿಯಿಂದ ಜನ ಬರುತ್ತಿದ್ದರು. ಬಾಯಿ ಜೋರು, ನಗು ಅದಕ್ಕಿಂತ ಜೋರು. ಬಜಾರಿನಲ್ಲಿ ಅವಳು ಬೇರೆಯೇ ಹೆಣ್ಣು. ಗಂಡನ ಮನೆಯಲ್ಲಿ ತಲೆ ಬಗ್ಗಿಸಿಕೊಂಡು ಇರುತ್ತಿದ್ದವಳು ಇವಳೇನಾ ಎಂದು ನನಗೇ ಆಶ್ಚರ್ಯವಾಗುತ್ತಿತ್ತು.

ಆದರೆ ಮುಂಜಾನೆ ಬಂದು ಕೂತವಳು ಸಂಜೆ ಮನೆ ಸೇರುವ ತನಕ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಅವಳಷ್ಟೇ ಅಲ್ಲ, ಆ ಸಾಲಿನ ಯಾವ ಹೆಂಗಸೂ ಕುಡಿಯುತ್ತಿರಲಿಲ್ಲ. ಹೆಂಗಸರಿಗೆ ಇದ್ದದ್ದು ಬಸ್‌ಸ್ಟ್ಯಾಂಡಿನ ಸಂಡಾಸ ಒಂದೇ. ಅದು ಊರಿನ ಇನ್ನೊಂದು ತುದಿಗೆ. ಹೋಗಿ ಬರುವುದರೊಳಗೆ ಬುಟ್ಟಿಗೆ ದನ ಬಾಯಿ ಹಾಕಿರುತ್ತಿತ್ತು. ಗಂಡಸರಿಗೆ ಈ ತಾಪತ್ರಯ ಗೊತ್ತೇ ಇಲ್ಲ. ಗೋಡೆ ಎಲ್ಲಿದೆಯೋ ಅಲ್ಲೇ ಅವರದು ಆಯಿತು. ಅದರಲ್ಲೂ ಈ ಬೀಗ ಬಿದ್ದ ಕಟ್ಟಡದ ಹಿಂಗೋಡೆ ಊರಿನ ಸಮಸ್ತ ಗಂಡಸರ ಆಸ್ತಿಯಾಗಿತ್ತು. ನಮ್ಮ ಅಧ್ಯಕ್ಷರೂ ಅಲ್ಲಿ ನಿಂತದ್ದನ್ನು ನಾನು ನೋಡಿದ್ದೇನೆ.

ಆ ಬೇಸಿಗೆ ಶುರುವಾಗುವಾಗಲೇ ತಂಗಿಗೆ ಚಳಿಜ್ವರ ಬಂತು, ಬಂದದ್ದು ಬಿಡಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂತ್ರದ ಸೋಂಕು ಮೇಲಕ್ಕೇರಿ ಕಿಡ್ನಿಯ ತನಕ ಹೋಗಿದೆ, ಇದು ಮೊದಲ ಸಲದ್ದೂ ಅಲ್ಲ ಎಂದು ಡಾಕ್ಟರಮ್ಮ ಬೈದರು. ಚಿಕ್ಕ ವಯಸ್ಸಿನ ಹುಡುಗಿ, ಆದರೆ ಮಾತು ಖಡಕ್ಕು.

"ದಿನಾ ತಂಬಿಗಿಗಟ್ಲೆ ನೀರ ಕುಡೀರಿ. ಆಗೂದಿಲ್ಲಾಂದ್ರ ಬಜಾರದಾಗ ಕೂಡೂದ ಬಿಡ್ರಿ. ಎರಡರಾಗ ಒಂದ ಮಾಡ್ರಿ, ಇಲ್ಲಾಂದ್ರ ಕಿಡ್ನಿ ಉಳಿಯೂದಿಲ್ಲ."

ಹೊರಗೆ ಬಂದು ತಂಗಿ ನನ್ನ ಮುಖ ನೋಡಿದಳು. "ಕುಡದ ಎಲ್ಲಿ ಹೋಗ್ಲಿ ಅಕ್ಕಾ?" ಎಂದಳು. ಅಂದಿನಿಂದ ನನ್ನ ತಲೆಯಲ್ಲಿ ಬೇರೇನೂ ಉಳಿಯಲಿಲ್ಲ. ಅವಳ ಬೆನ್ನ ಹಿಂದೆಯೇ ಬೀಗ ಜಡಿದ ಕಟ್ಟಡವೊಂದಿದೆ, ಪುರಸಭೆಯದೇ, ಯಾರಿಗೂ ಬೇಡವಾದದ್ದು. ಅದು ಏನಾಗಿತ್ತೆಂಬುದನ್ನು ತಿಳಿದು, ಅದರಲ್ಲಿ ಒಂದು ಮೂಲೆಯನ್ನಾದರೂ ಹೆಂಗಸರಿಗೆ ಸಂಡಾಸ ಮಾಡಿಸಬೇಕು, ತಂಗಿ ತನ್ನ ಜಾಗ ಬಿಡಬಾರದು. ಪರಂಪರೆಗಿರಂಪರೆ ಏನಿದ್ದರೂ ಗಂಡಸರಿಗೇ ಇರಲಿ ಎಂದುಕೊಂಡು ಜೀಪು ಹತ್ತಿದ್ದೆ.

ಕಟ್ಟಡ ಹೊರಗಿನಿಂದ ವಿಚಿತ್ರವಾಗಿತ್ತು. ದಪ್ಪ ಕಲ್ಲಿನ ಗೋಡೆ, ಎಲ್ಲೂ ಕಿಟಕಿಯಿಲ್ಲ, ಸೂರಿನ ಕೆಳಗೆ ಗಾಳಿಗೆಂದು ಸಣ್ಣ ಸಣ್ಣ ಸಂದುಗಳಷ್ಟೇ. ಬಾಗಿಲಿನ ಮುಂದೆ ಆಳೆತ್ತರದ ಇನ್ನೊಂದು ಗೋಡೆ ಅಡ್ಡ ನಿಂತಿತ್ತು. ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಖಜಾನೆ ಎಂದು ಕೆಲವರು, ಮದ್ದಿನ ಮನೆ ಎಂದು ಕೆಲವರು. ಪಕ್ಕದ ಪಾತ್ರೆ ಅಂಗಡಿಯವನು ಒಳಗೆ ಬಾಗೇವಾಡಿಯವರೆಗೆ ಸುರಂಗವಿದೆ ಎನ್ನುತ್ತಿದ್ದ. ನನಗೂ ಹೊರಗಿನಿಂದ ತಿಳಿಯಲಿಲ್ಲ, ಧಾನ್ಯದ ಗೋದಾಮು ಇರಬಹುದು ಎಂದುಕೊಂಡಿದ್ದೆ.

ಸಮಿತಿಯ ಹೆಸರು ಹೇಳಿದ್ದಕ್ಕೆ ಪುರಸಭೆಯವರು ಒಬ್ಬ ಜವಾನನನ್ನು ಕಳಿಸಿ ಬೀಗ ಒಡೆಸಿದರು. ಒಳಗೆ ಮುರಿದ ಕುರ್ಚಿ, ಹಳೆಯ ಬ್ಯಾನರು, ಪಾರಿವಾಳದ ಹಿಕ್ಕೆ. ಸ್ವಲ್ಪ ಸರಿಸಿದಾಗ ಒಂದರ ಪಕ್ಕ ಒಂದು ಸಾಲು ಗೂಡುಗಳು ಕಂಡವು. ನಡುವೆ ಸೊಂಟದೆತ್ತರದ ಗಿಡ್ಡ ಗೋಡೆಗಳು, ಪ್ರತಿ ಗೂಡಿನಲ್ಲೂ ಜೋಡಿ ಕಲ್ಲು. ಅಧ್ಯಕ್ಷರು ಬಾಗಿಲಲ್ಲೇ ನಿಂತು ಗದ್ಗದಿತರಾದರು. ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ ಸೆರೆಮನೆ ಇದು, ಈ ಊರು ಇದನ್ನು ಮರೆತದ್ದು ಮಹಾಪಾಪ ಎಂದರು. ಸೊಂಟದೆತ್ತರದ ಗೋಡೆಯ ಸೆರೆಮನೆ. ಒಳಗೆ ಉಳಿಯಬೇಕಾದರೆ ಕೈದಿಯೇ ದೊಡ್ಡ ಮನಸ್ಸು ಮಾಡಬೇಕು.

ಅಷ್ಟಕ್ಕೇ ಬಿಡಲಿಲ್ಲ. ನಾವೆಲ್ಲರೂ ಮೌನ ಆಚರಿಸಬೇಕು ಎಂದರು. ತಾವು ಮೊದಲ ಗೂಡಿನೊಳಗೆ ಹೋಗಿ ಜೋಡಿ ಕಲ್ಲುಗಳ ಮೇಲೆ ಒಂದೊಂದು ಕಾಲಿಟ್ಟು, ಕೈಕಟ್ಟಿ, ತಲೆ ಬಗ್ಗಿಸಿ ನಿಂತರು. ಉಳಿದ ಗಣ್ಯರೂ ಒಂದೊಂದು ಗೂಡು ಹಿಡಿದು ಹಾಗೆಯೇ ನಿಂತರು. ಆ ಮೌನದಲ್ಲಿ ನನ್ನ ಕಣ್ಣು ಗೋಡೆಯಲ್ಲಿದ್ದ ಪುಟ್ಟ ಗೂಡಿನ ಮೇಲೆ ಬಿತ್ತು. ನೆಲದಿಂದ ಗೇಣೆತ್ತರದಲ್ಲಿ, ಕುಕ್ಕುರುಗಾಲಲ್ಲಿ ಕೂತವರ ಬಲಗೈಗೆ ಸಿಗುವ ಹಾಗೆ, ಒಂದು ತಂಬಿಗೆ ಹಿಡಿಯುವಷ್ಟು ಜಾಗ. ಕಲ್ಲುಗಳ ನಡುವೆ ಇಳಿಜಾರು, ಇಳಿಜಾರಿನ ಕೊನೆಗೆ ಮೋರಿ. ಬಾಗಿಲ ಮುಂದಿನ ಅಡ್ಡಗೋಡೆ ಯಾಕೆಂಬುದೂ ಆಗಲೇ ಹೊಳೆಯಿತು. ಗಂಡಸರಿಗಾದರೆ ಆ ಮರೆ ಯಾರು ಕಟ್ಟಿಸುತ್ತಿದ್ದರು? ಯಾವುದೋ ಕಾಲದಲ್ಲಿ, ಯಾರೋ ಒಬ್ಬ ಬುದ್ಧಿಯಿದ್ದ ಮನುಷ್ಯ, ಸಂತೆಗೆ ಬರುವ ಹೆಂಗಸರಿಗೆಂದು ಕಲ್ಲಿನಲ್ಲಿ ಇದನ್ನು ಕಟ್ಟಿಸಿದ್ದ. ಸಂತೋಷಕ್ಕೆ ನಗು ಬಂತು, ತಡೆಯಲಾಗಲಿಲ್ಲ.

"ಸರ್ರ, ಇದು ಹೆಂಗಸರ ಸಂಡಾಸ ಐತ್ರಿ," ಎಂದೆ. "ನೀವು ನಿಂತಿದ್ದು ಕಾಲಿಡೂ ಕಲ್ಲಿನ ಮ್ಯಾಲೆ."

ಒಬ್ಬೊಬ್ಬರಾಗಿ ಕಲ್ಲಿನಿಂದ ಇಳಿದರು. ಹೊರಗೆ ಬಂದು ಚಪ್ಪಲಿಯನ್ನು ನೆಲಕ್ಕೆ ತಿಕ್ಕಿಕೊಂಡರು, ಎಷ್ಟೋ ವರ್ಷದ ಹಿಂದಿನದು ಇನ್ನೂ ಹತ್ತಿಕೊಂಡಿದೆಯೋ ಎಂಬಂತೆ. ಮೂತ್ರದ ಗೋಡೆಗೆ ನಿತ್ಯ ಬಂದು ನಿಲ್ಲುವವರಿಗೆ ಹೆಂಗಸರ ಹಳೆಯ ಸಂಡಾಸ ಅಷ್ಟು ಹೇಸಿಗೆಯಾಗಿತ್ತು. ಅಧ್ಯಕ್ಷರು ನನ್ನನ್ನು ಬದಿಗೆ ಕರೆದು ಇದನ್ನು ಪಟ್ಟಿಯಲ್ಲಿ ಸೇರಿಸುವುದು ಬೇಡ, ಊರಿನ ಮರ್ಯಾದೆಯ ಪ್ರಶ್ನೆ ಎಂದರು. ಸೇರಿಸಬೇಡಿ ಎಂದೆ. ಅವರ ಪಟ್ಟಿಯಿಂದ ನನಗೆ ಆಗಬೇಕಾದದ್ದು ಏನೂ ಇರಲಿಲ್ಲ.

ಆ ಸಂಜೆ ತಂಗಿಗೆ ಹೇಳಿದಾಗ ಅವಳು ಮೊದಲು ನಂಬಲಿಲ್ಲ. ಆಮೇಲೆ ಬುಟ್ಟಿ ಕಟ್ಟುವುದನ್ನು ಬಿಟ್ಟು, ಬಾಗಿಲಿಗೆ ಹೋಗಿ ಬಗ್ಗಿ ನೋಡಿ ಬಂದಳು. ಇಷ್ಟು ವರ್ಷ ಅದರ ಗೋಡೆಗೆ ಬೆನ್ನು ಹಚ್ಚಿ ಕೂತು, ಹೊಟ್ಟೆ ಬಿಗಿಹಿಡಿದುಕೊಂಡಿದ್ದವಳು. ಅವಳು ನಕ್ಕ ನಗು ಬಜಾರಿನ ಆ ತುದಿಗೆ ಕೇಳಿಸಿತು.

ಆ ವಾರ್ಡಿನ ಸದಸ್ಯನ ಮನೆಗೆ ಹೋಗಲು ಶುರು ಮಾಡಿದೆ. ಮನುಷ್ಯ ಕೆಟ್ಟವನಲ್ಲ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಇಲ್ಲವೆಂದು ಹೇಳಿ ಕಳಿಸಿಬಿಡುತ್ತಿದ್ದ. ಇವನು ಎಲ್ಲಕ್ಕೂ ಹೌದೆನ್ನುವವನು, ಬಂದವರಿಗೆಲ್ಲ ಚಾ ಕುಡಿಸುವವನು, ಚುನಾವಣೆಯೂ ಹತ್ತಿರವಿತ್ತು. ಹೇಳಿದ ಮೇಲೆ ಕೆಲಸವನ್ನೂ ಹಿಡಿದ. ಕಸ ತೆಗೆಸಿದರು. ಎಂಜಿನಿಯರ್ ಬಂದು ಅಳೆದುಕೊಂಡು ಹೋದ. ಗೋಡೆ ಗಟ್ಟಿಯಿದೆ, ಮೋರಿ ಇನ್ನೂ ದೊಡ್ಡ ಗಟಾರಕ್ಕೆ ಕೂಡಿಕೊಂಡಿದೆ, ಬಾಗಿಲು ಹಚ್ಚಿ ಸುಣ್ಣ ಬಳಿದರೆ ಹೆಚ್ಚುಕಡಿಮೆ ಮುಗಿದಂತೆ ಎಂದ. ನೀರಿನ ಪೈಪು ಮಾತ್ರ ಅಲ್ಲಿಯವರೆಗೆ ಎಳೆಯುವುದು ಸಾಧ್ಯವೇ ಇಲ್ಲವಂತೆ, ರಸ್ತೆ ಅಗೆಯಬೇಕಾಗುತ್ತದಂತೆ. ಡ್ರಮ್ಮಿನಲ್ಲಿ ತುಂಬಿಡೋಣ ಎಂದೆವು. ಸಾಲಿನ ಹೆಂಗಸರು ತಾವೇ ಸರದಿಯ ಮೇಲೆ ತುಂಬುತ್ತೇವೆ ಎಂದರು. ತಂಗಿ ಗುಳಿಗೆ ನುಂಗುತ್ತ, ಬಾಗಿಲು ಎಂದು ಹಚ್ಚುತ್ತಾರೆಂದು ದಿನಾ ಕೇಳುತ್ತಿದ್ದಳು.

ಉಳಿದದ್ದು ಹಿಂಗೋಡೆ. ಅಲ್ಲಿ ಗಂಡಸರು ನಿಲ್ಲುವುದು ನಿಂತಿರಲಿಲ್ಲ. ಅವರದು ಕಲ್ಲಿನ ಸಂದಿಯಿಂದ ಇಳಿದು ಒಳಗಿನ ನೆಲ ಹಸಿಯಾಗುತ್ತಿತ್ತು, ಸುಣ್ಣ ಬಳಿಯಲು ಬಂದವರು ಆ ವಾಸನೆಗೆ ಮೂಗು ಮುಚ್ಚಿಕೊಂಡು ವಾಪಸು ಹೋದರು. ಸದಸ್ಯನಿಗೆ ಹೇಳಿದೆ. ಅಲ್ಲಿ ಒಂದು ದೀಪ ಹಾಕಿಸು, ಇಲ್ಲವೇ ಒಬ್ಬ ಮನುಷ್ಯನನ್ನು ಕೂರಿಸು, ಸಿಕ್ಕವನಿಗೆ ದಂಡ ಹಾಕು ಎಂದೆ. ನಾನು ನೋಡಿಕೊಳ್ಳುತ್ತೇನೆ, ಚಿಂತೆ ಮಾಡಬೇಡಿ ಎಂದ.

ಮರುವಾರ ಹೋಗಿ ನೋಡುತ್ತೇನೆ, ಹಿಂಗೋಡೆಯ ತುಂಬ ದೇವರು. ನಮ್ಮ ಕಡೆ ಎಲ್ಲ ಊರಲ್ಲೂ ಮಾಡುವ ಉಪಾಯವದು. ಗಂಡಸು ಕಾನೂನಿಗೆ ಹೆದರುವುದಿಲ್ಲ, ಹೆಂಗಸರ ಮುಖಕ್ಕಂತೂ ನಾಚುವುದೇ ಇಲ್ಲ, ದೇವರ ಚಿತ್ರವಿರುವ ಟೈಲ್ಸ್ ಅಂಟಿಸಿದರೆ ಮಾತ್ರ ಅಲ್ಲಿಂದ ಸರಿಯುತ್ತಾನೆ. ಸದಸ್ಯ ಸೊಂಟದೆತ್ತರಕ್ಕೆ ಸಾಲಾಗಿ ಅಂಟಿಸಿದ್ದ. ಗಣಪತಿ, ಲಕ್ಷ್ಮಿ, ಹನುಮಂತ, ಊರಿನ ದೇವತೆ, ಯಾವ ಜಾತಿಯವನೂ ತಪ್ಪಿಸಿಕೊಳ್ಳದಿರಲಿ ಎಂದು ಒಂದು ಹಸಿರು ಗುಮ್ಮಟ, ಒಂದು ಶಿಲುಬೆ. ನನ್ನನ್ನು ನೋಡಿ ಅವನ ಮುಖ ಅರಳಿತ್ತು.

"ಅಕ್ಕಾರ, ನೋಡ್ರಿ ಹೆಂಗ ಮಾಡೇನಿ. ಇನ್ನ ಯಾವ ಮಗನೂ ಇಲ್ಲಿ ನಿಂದ್ರೂದಿಲ್ಲ."

ನಿಜ, ಯಾವ ಮಗನೂ ನಿಲ್ಲಲಿಲ್ಲ. ಹೆಂಗಸರ ಮುಖ ಕಂಡರೂ ನಿಲ್ಲಿಸದಿದ್ದವರು ಟೈಲ್ಸಿನ ಮುಂದೆ ಸಾಧುಗಳಾದರು, ನಾಲ್ಕು ಹೆಜ್ಜೆ ಸರಿದು ಪಕ್ಕದ ಗೋದಾಮಿನ ಗೋಡೆ ಹಿಡಿದರು. ನೆಲ ಒಣಗಿತು. ನಾನೂ ಖುಷಿಪಟ್ಟೆ. ಇಂಥ ಜನರಿಗೆ ಇಂಥದೇ ಮದ್ದು ಎಂದುಕೊಂಡೆ. ಆ ಮದ್ದು ಮುಂದೆ ಏನು ಮಾಡುತ್ತದೆ ಎಂಬುದು ನನಗೂ ಹೊಳೆಯಲಿಲ್ಲ.

ಮೊದಲು ಹೂವಿನವಳು ಸಂಜೆ ಉಳಿದ ಸೇವಂತಿಗೆಯನ್ನು ಕಸಕ್ಕೆ ಹಾಕುವ ಬದಲು ಟೈಲ್ಸಿನ ಮುಂದೆ ಇಟ್ಟು ಹೋದಳು. ಪಾತ್ರೆ ಅಂಗಡಿಯವನು ಅಂಗಡಿ ತೆಗೆಯುವಾಗ ಅಲ್ಲಿಗೂ ಒಂದು ಊದಿನಕಡ್ಡಿ ಸಿಕ್ಕಿಸಿದ. ಯಾರೋ ಒಂದು ಗಂಟೆ ಕಟ್ಟಿದರು. ಮಂಗಳವಾರ ಒಬ್ಬ ಕಾಯಿ ಒಡೆದ, ಮರು ಮಂಗಳವಾರ ಕಾಯಿಗಳಿಗೆ ಸಾಲು ನಿಂತಿತು. ಮಗನಿಗೆ ನೌಕರಿ ಸಿಕ್ಕಿತೆಂದು ಯಾರೋ ಕಟ್ಟೆ ಕಟ್ಟಿಸಿದರು. ತರುಣರು ಸೇರಿ ಕಬ್ಬಿಣದ ಜಾಲರಿ ಹಾಕಿಸಿ ಹಸಿರು ಬಣ್ಣ ಬಳಿದರು. ಶಿಲುಬೆಯ ಟೈಲ್ಸೂ ಗುಮ್ಮಟದ ಟೈಲ್ಸೂ ಯಾವಾಗಲೋ ಬಿದ್ದುಹೋದವು, ಅಥವಾ ಬೀಳಿಸಿದರು. ಮಳೆಗಾಲ ಮುಗಿಯುವುದರೊಳಗೆ, ಉಚ್ಚೆ ಹೊಯ್ಯಬಾರದೆಂದು ಅಂಟಿಸಿದ ಚಿತ್ರಗಳು ಊರಿನ ಜಾಗೃತ ಸ್ಥಾನವಾಗಿದ್ದವು. ಹೊಸದಾಗಿ ಹಚ್ಚಬೇಕಾಗಿದ್ದ ಬಾಗಿಲು ಪುರಸಭೆಯ ಅಂಗಳದಲ್ಲಿ ಮಳೆಗೆ ನೆನೆದು ಉಬ್ಬಿತ್ತು. ಹಳೆಯ ಬಾಗಿಲಿಗೆ ಮತ್ತೆ ಬೀಗ ಹಾಕಿದರು.

ಸಿಟ್ಟಿನಿಂದ ನನ್ನ ಮೈ ಉರಿಯುತ್ತಿತ್ತು. ಸದಸ್ಯನ ಮನೆಗೆ ಹೋದೆ. ಅವನು ಚಾ ತರಿಸಿದ. ಕುಡಿಯಲಿಲ್ಲ.

"ದೇವ್ರ ಇರೂ ಕಟ್ಟಡದಾಗ ಸಂಡಾಸ ಮಾಡ್ತೇನಿ ಅಂದ್ರ ಜನ ನನ್ನ ಬಿಡ್ತಾರೇನ್ರಿ, ಅಕ್ಕಾರ?"

"ದೇವ್ರನ್ನ ಅಂಟಿಸಿದಾಂವ ನೀನ ಅಲ್ಲೇನಪಾ?"

"ಅಂಟಸೂದು ನನ್ನ ಕೈಯಾಗ ಇತ್ರಿ. ತಗಿಯೂದು ಯಾರ ಕೈಯಾಗೂ ಇಲ್ಲ," ಎಂದ. ಅವನ ದನಿಯಲ್ಲಿ ನಿಜವಾಗಿಯೂ ಸಂಕಟವಿತ್ತು. ಅದಕ್ಕೇ ಅವನನ್ನು ಇನ್ನೂ ಕೀಳಾಗಿ ಕಂಡೆ. ಮೋಸಗಾರನಾದರೆ ಬೈದು ಹಗುರವಾಗಬಹುದು. ಹೆದರುಪುಕ್ಕಲನನ್ನು ಬೈದರೆ ಅವನು ತಲೆಯಾಡಿಸುತ್ತಾನೆ.

ಆ ಹೊತ್ತಿಗೆ ಅಧ್ಯಕ್ಷರೂ ಮತ್ತೆ ಬಂದರು. ಕಟ್ಟಡವನ್ನು ಹೊಸ ಕಣ್ಣಿನಿಂದ ನೋಡಿದರಂತೆ. ಇದು ದೇವಿಯ ಪ್ರಾಚೀನ ಸ್ಥಾನ, ಒಳಗಿನ ಗೂಡುಗಳು ಉಪಾಸಕರು ಕೂಡುತ್ತಿದ್ದ ಕೋಣೆಗಳು, ನೆಲದ ಹತ್ತಿರದ ಸಣ್ಣ ಗೂಡುಗಳು ದೀಪ ಇಡಲು ಎಂದು ಕಟ್ಟೆಯ ಮೇಲೆ ನಿಂತು ಭಾಷಣ ಮಾಡಿದರು. ಒಂದು ಕಾಲದಲ್ಲಿ ಅವರು ಊರಿಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ ಗೋಡೆ ಅದೇ. ಅವರ ಪಟ್ಟಿಯಲ್ಲಿ ಆ ಕಟ್ಟಡ ಮೊದಲನೆಯದಾಯಿತು. ನಾನು ಎದ್ದು ನಿಂತು, ಅದು ಏನೆಂದು ಎಲ್ಲರ ಮುಂದೆ ಇನ್ನೊಮ್ಮೆ ಹೇಳಿದೆ. ಒಬ್ಬ ಹಿರಿಯರು, ಹಂಗೆಲ್ಲ ಅನಬಾರದು ಬಾಯಾರ, ಕಣ್ಣು ಹೋದಾವು ಎಂದರು. ನನ್ನ ಕಣ್ಣು ಚೆನ್ನಾಗಿಯೇ ಇವೆ.

ತಂಗಿ ಈ ಜಗಳಕ್ಕೆ ಬರಲಿಲ್ಲ. ಒಂದು ದಿನ ಅವಳೂ ಬುಟ್ಟಿ ಇಳಿಸಿ, ಹಿಂದೆ ಹೋಗಿ ಟೈಲ್ಸಿಗೆ ಕುಂಕುಮ ಹಚ್ಚಿ ಬಂದಳು. ನಾನು ಕೂಗಾಡಿದೆ. ಯಾವುದು ನಿನ್ನ ಹೊಟ್ಟೆಯ ಮೇಲೆ ಕಾಲಿಟ್ಟಿದೆಯೋ ಅದಕ್ಕೇ ಕುಂಕುಮ ಹಚ್ಚುತ್ತೀಯಲ್ಲ ಎಂದೆ.

"ದೇವ್ರೇನ ಮಾಡ್ಯಾನ ಅಕ್ಕಾ?" ಎಂದಳು. "ಅಂವನ್ನೂ ಇವರ ತಂದ ಇಲ್ಲಿ ನಿಲ್ಲಿಸ್ಯಾರ."

ಚಳಿಗಾಲದಲ್ಲಿ ಜ್ವರ ಮರಳಿತು. ಈ ಸಲ ಆಸ್ಪತ್ರೆಯಲ್ಲಿ ಮಲಗಿಸಿದರು. ಡಾಕ್ಟರಮ್ಮ ಬೈಯಲೂ ಇಲ್ಲ, ಔಷಧಿಯ ಚೀಟಿ ಕೊಟ್ಟು ಮುಂದಿನ ಹಾಸಿಗೆಗೆ ಹೋದರು. ಆಸ್ಪತ್ರೆಯಿಂದ ಬಂದ ಮೇಲೆ ತಂಗಿ ಜಾಗ ಬಿಟ್ಟಳು. ಮೈದುನರ ಮನೆಯ ಹಿಂದಿನ ಕೋಣೆಗೆ ವಾಪಸು ಹೋದಳು. ಈಗ ಅಲ್ಲಿ ಅವಳು ಹೊಟ್ಟೆ ತುಂಬ ನೀರು ಕುಡಿಯುತ್ತಾಳೆ. ಮೈದುನರ ಹೆಂಡಂದಿರು ಕರೆದಾಗ ಏಳುತ್ತಾಳೆ. ಆ ಮನೆಯಲ್ಲಿ ಅವಳು ಜೋರಾಗಿ ನಕ್ಕದ್ದನ್ನು ನಾನು ಕೇಳಿಲ್ಲ. ನನ್ನ ಮನೆಗೆ ಬಾ ಎಂದರೆ, ನಿನ್ನ ಪೆನ್ಶನ್ನಿನ ಮೇಲೆ ಕೂತು ಉಣ್ಣಲೇನು ಎನ್ನುತ್ತಾಳೆ.

ಕಟ್ಟಡಕ್ಕೆ ಮಾತ್ರ ಒಳ್ಳೆಯ ಕಾಲ ಬಂದಿದೆ. ಭಕ್ತರು ಕೈಕಾಲು ತೊಳೆದು ನಮಸ್ಕಾರ ಮಾಡಬೇಕಲ್ಲ, ಅದಕ್ಕೆಂದು ಪುರಸಭೆ ನಳ ಹಾಕಿಸಿದೆ. ಸಾಧ್ಯವೇ ಇಲ್ಲವೆಂದಿದ್ದ ಪೈಪು ರಸ್ತೆಯನ್ನು ಅಗೆದು ಬಂದಿದೆ. ಅಗೆದ ರಸ್ತೆಗೆ ಮರುದಿನವೇ ಡಾಂಬರು ಬಿದ್ದಿದೆ, ಇಂಥ ವೇಗವನ್ನು ನಾನು ನನ್ನ ನೌಕರಿಯಿಡೀ ಕಂಡಿರಲಿಲ್ಲ.

ಮೊನ್ನೆ ಹಿಂಡಿ ತರಲು ಆ ಕಡೆ ಹೋಗಿದ್ದೆ. ಬೇವಿನ ನೆರಳಿನ ಜಾಗದಲ್ಲಿ ಬೇರೆ ಹೆಣ್ಣುಮಗಳು ಕೂತಿದ್ದಳು, ಮಸೂತಿ ಎಂಬ ಹಳ್ಳಿಯ ಕಡೆಯವಳಂತೆ. ಹೊಸ ಬುಟ್ಟಿ, ರೊಟ್ಟಿಯ ಮೇಲೆ ಬಿಳಿ ಅರಿವೆ, ಒಳ್ಳೆಯ ಬಾಯಿ. ಗಿರಾಕಿಗಳನ್ನು ನಗಿಸುತ್ತ ಕೊಡುತ್ತಿದ್ದಳು. ನೆತ್ತಿ ಸುಡುವ ಬಿಸಿಲು. ಕಟ್ಟಡದ ಪಕ್ಕ ನಳದ ಹತ್ತಿರ ಒಬ್ಬ ದಪ್ಪ ಮನುಷ್ಯ ಪಂಚೆ ಎತ್ತಿಕಟ್ಟಿ ಒಂದೊಂದೇ ಕಾಲನ್ನು ಅವಸರವಿಲ್ಲದೆ ತೊಳೆಯುತ್ತಿದ್ದ, ನೀರು ಅವಳ ಬುಟ್ಟಿಯ ತನಕ ಹರಿದು ಬಂದಿತ್ತು. ನಾನು ಮಜ್ಜಿಗೆಯವನನ್ನು ಕರೆದು ಎರಡು ಗ್ಲಾಸು ತೆಗೆದುಕೊಂಡೆ, ಒಂದನ್ನು ಅವಳ ಮುಂದೆ ಹಿಡಿದೆ. ಅವಳು ಅದನ್ನು ನೋಡಿದಳು. ಒಂದು ಗಳಿಗೆ ಕೈಯೂ ಮುಂದೆ ಬಂತು. ಆಮೇಲೆ ಹಿಂದೆ ತೆಗೆದುಕೊಂಡು ನಕ್ಕಳು.

"ಬ್ಯಾಡ್ರಿ ಅಕ್ಕಾರ. ಸಂಜೀಕ ಮನಿಗಿ ಹೋಗಿ ಕುಡೀತೇನ್ರಿ."

ನಕ್ಕಾಗ ಬಿರಿದಿದ್ದ ತುಟಿ ಒಡೆದು ರಕ್ತ ಬಂತು. ಅವಳು ಅದನ್ನು ಸೆರಗಿನಿಂದ ಒತ್ತಿಕೊಂಡು, ಮುಂದಿನ ಗಿರಾಕಿಗೆ ಎಷ್ಟು ರೊಟ್ಟಿ ಬೇಕೆಂದು ಕೇಳಿದಳು.